ಬಯಲಿಗೊಂದು ಪ್ರತಿಮೆ

ಹೆಬ್ಬಾಳದ ಮೇಲ್ಸೇತುವೆಯನ್ನಿಳಿದು ಬಳ್ಳಾರಿ ರಸ್ತೆಯಲ್ಲಿ ಉತ್ತರಾಭಿಮುಖವಾಗಿ ಹೊರಟವನಿಗೆ, ಯಲಹಂಕದ ವಾಯುನೆಲೆಯ ಬೇಲಿಯೂ ಚಿಕ್ಕಜಾಲದ ಶಿಥಿಲವಾದ ಕೋಟೆಯೂ ಸಾದಹಳ್ಳಿಯ ಸುಂಕದ ಕಟ್ಟೆಯೂ ಒಂದರ ಹಿಂದೊಂದಾಗಿ ಸರಿದುಹೋದ ತರುವಾಯ, ಎಡಬಲಗಳಲ್ಲಿ ಎದ್ದುನಿಂತ ಜಾಹೀರಾತಿನ ಫಲಕಗಳ ಸಂದಿನಿಂದ ನಂದಿಬೆಟ್ಟದ ನೀಲಿ ಬೆನ್ನು ಫಕ್ಕನೆ ಕಾಣಿಸಿಕೊಳ್ಳುವ ಗಳಿಗೆಯೊಂದುಂಟು. ಕಳೆದ ನಲವತ್ತು ವರ್ಷಗಳಿಂದ ಈ ದಾರಿಯಲ್ಲಿ ಓಡಾಡುತ್ತಿರುವ ನನಗೆ, ಆ ಗಳಿಗೆ ಬರುವವರೆಗೆ ಊರು ಬಿಟ್ಟೆನೆಂದು ಅನ್ನಿಸಿದ್ದೇ ಇಲ್ಲ. ರಾಗಿಯ ಹೊಲಗಳು, ದ್ರಾಕ್ಷಿಯ ಚಪ್ಪರಗಳು, ದೇವನಹಳ್ಳಿಯ ಹೆಸರನ್ನು ಹೊತ್ತ ಚಕ್ಕೋತದ ತೋಟಗಳು ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತ ಬಂದಿವೆ. ಬೆಟ್ಟ ಮಾತ್ರ ಇದ್ದಲ್ಲಿಯೇ ಇದೆ.

ಈ ಬಯಲಿನಲ್ಲಿ ಮನುಷ್ಯನು ತನ್ನ ಕೈಯಿಂದಲೂ ಒಂದು ಬೆಟ್ಟವನ್ನು ನಿಲ್ಲಿಸಬೇಕೆಂಬ ಸಂಕಲ್ಪ ಈಚಿನದು. 2020ನೆಯ ಇಸವಿಯ ಜೂನ್ 27ರಂದು, ಕೆಂಪೇಗೌಡರ ಜಯಂತಿಯ ದಿವಸ, ಬೆಂಗಳೂರಿನ ವಿಮಾನನಿಲ್ದಾಣದ ಆವರಣದಲ್ಲಿ ಶಂಕುಸ್ಥಾಪನೆ ನಡೆದು, 2022ರ ನವೆಂಬರ್ 11ರಂದು ಪ್ರಧಾನಮಂತ್ರಿಗಳಿಂದ ಅನಾವರಣಗೊಂಡ ಕೆಂಪೇಗೌಡರ ‘ಪ್ರಗತಿಯ ಪ್ರತಿಮೆ’ಯನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ಎತ್ತರ 108 ಅಡಿ. ಶಿಲ್ಪಿ ರಾಮ್ ಸುತಾರರು. ಗುಜರಾತಿನ ಸರ್ದಾರ್ ಪಟೇಲರ ಮಹಾಪ್ರತಿಮೆಯನ್ನು ರೂಪಿಸಿದ ಕೈಯೇ ಇದನ್ನೂ ರೂಪಿಸಿತು. ಇದಕ್ಕೆ ಸಂದ ಕಂಚು 98 ಟನ್ನು, ಉಕ್ಕು 120 ಟನ್ನು. ಅಂದರೆ, ಕಣ್ಣಿಗೆ ಕಾಣುವ ಚರ್ಮಕ್ಕಿಂತ ಕಾಣದ ಅಸ್ಥಿಪಂಜರವೇ ಹೆಚ್ಚು ತೂಗುತ್ತದೆ. ಸೊಂಟದ ಬಳಿಯ ಖಡ್ಗವೊಂದೇ ನಾಲ್ಕು ಸಾವಿರ ಕಿಲೋ. ಬಯಲ ಗಾಳಿಗೆ ಮೈಯೊಡ್ಡಿ ನಿಲ್ಲುವ ಯಾವ ಮಹಾಮೂರ್ತಿಯೂ ಶಿಲ್ಪಿಯೊಬ್ಬನ ಕೃತಿಯಾಗಿ ಉಳಿಯದೆ ಎಂಜಿನಿಯರನ ಕೃತಿಯೂ ಆಗಲೇಬೇಕಾಗುತ್ತದೆ ಎಂಬುದಕ್ಕೆ ಈ ತೂಕದ ಲೆಕ್ಕವೇ ಸಾಕ್ಷಿ.

ಪ್ರತಿಮೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬೆಂಗಳೂರನ್ನು 1537ರಲ್ಲಿ ಕಟ್ಟಿದ ಪುರುಷನಿಗೆ, ಅವನ ಮನೆತನ ಆಳಿದ ಯಲಹಂಕ ನಾಡಿನ ಆಸುಪಾಸಿನಲ್ಲಿಯೇ, ಆ ಮನೆತನದ ಮೂಲಸ್ಥಾನವೆಂದು ಪರಂಪರೆ ಹೇಳುವ ಆವತಿಯಿಂದ ಬಹುದೂರವಲ್ಲದ ನೆಲದಲ್ಲಿ ಒಂದು ಸ್ಮಾರಕವಾದುದು ಉಚಿತವೇ. ಅನಾವರಣಕ್ಕೆ ಮುಂಚೆ ನಾಡಿನ ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕ ಸ್ಥಳಗಳಿಂದ ಮೃತ್ತಿಕೆಯನ್ನು ಸಂಗ್ರಹಿಸಿ ತಂದು ಅಲ್ಲಿ ಸೇರಿಸಿದ್ದೂ ಭಾವುಕವಾದ, ನಮ್ಮ ಜನಕ್ಕೆ ಒಪ್ಪುವ ಆಚರಣೆಯೇ ಸರಿ. ಆದರೂ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ಮಣ್ಣು ಹಳ್ಳಿಗಳಿಂದ ಪ್ರತಿಮೆಯ ಬಳಿಗೆ ಬಂತು. ಪ್ರತಿಮೆ ಹಳ್ಳಿಯವನ ಕಣ್ಣಿಗೆ ಬಂತೆ?

ಕಳೆದ ಕಾರ್ತಿಕದಲ್ಲಿ ಆವತಿಯ ಬೆಟ್ಟವನ್ನು ಹತ್ತಿಳಿದು ದಣಿವಾರಿಸಿಕೊಳ್ಳುತ್ತಿದ್ದಾಗ, ಪಕ್ಕದ ಹೊಲದ ಬದುವಿನ ಮೇಲೆ ಕುಡುಗೋಲು ಮಸೆಯುತ್ತ ಕುಳಿತಿದ್ದ ವೃದ್ಧರೊಬ್ಬರನ್ನು ಮಾತಿಗೆಳೆದೆ. ರಾಗಿ ತೆನೆಗಟ್ಟಿ ಬಾಗಿತ್ತು. ನಡುವೆ ಹರಕು ಅಂಗಿ ತೊಟ್ಟು, ಮಡಕೆಯ ತಲೆಗೆ ಸುಣ್ಣದ ಕಣ್ಣು ಬರೆಸಿಕೊಂಡ ಬೆರ್ಚಪ್ಪ ನಿಂತಿದ್ದ.

“ಯಜಮಾನರೇ, ಏರ್‌ಪೋರ್ಟಿನ ಕೆಂಪೇಗೌಡರನ್ನ ನೋಡಿದ್ದೀರಾ?” ಎಂದೆ.

“ನೋಡಿವ್ನಿ ಸಾಮಿ, ಒಂದ್ ದಪ. ಮೊಮ್ಮಗಳು ಇಮಾನ ಹತ್ತೋ ದಿನ. ಕತ್ತೆತ್ತಿ ನೋಡೋಷ್ಟ್ರಲ್ಲಿ ಕಾರು ಮುಂದಕ್ಕೋಗಿತ್ತು.” ಕುಡುಗೋಲಿನ ಅಲಗನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಬಳಿಕ ನಂದಿಯ ಕಡೆಗೆ ಗಲ್ಲ ಎತ್ತಿ, “ನಮಗೆ ಅಲ್ನೋಡಿ, ಆ ಬೆಟ್ಟ. ಅದರ ತಲೆ ಮ್ಯಾಗೆ ಮೋಡ ಕುಂತ್ರೆ ಕಣದಲ್ಲಿರೋ ತೆನೆ ಮುಚ್ಕಬೇಕು. ಅದೇ ನಮ್ ಗುರ್ತು” ಎಂದರು.

ಗುರುತು ಎಂಬ ಆ ಒಂದು ಮಾತು, ನಾನು ಹೇಳಬೇಕೆಂದಿರುವ ವಿಷಯವನ್ನೆಲ್ಲ ತನ್ನಲ್ಲಿ ಅಡಗಿಸಿಕೊಂಡಿದೆ. ಗುರುತೆಂದರೆ ಬರಿಯ ದರ್ಶನದ ವಸ್ತುವಲ್ಲ, ಅದರಿಂದ ಮನುಷ್ಯನಿಗೆ ಕೆಲಸವಾಗಬೇಕು. ನಮ್ಮ ಹಳ್ಳಿಗಳಲ್ಲಿ ಬಯಲಿಗೆ ನಿಲ್ಲಿಸಿದ ಕಲ್ಲುಗಳೆಲ್ಲವೂ ಹೀಗೆ ಒಂದಲ್ಲ ಒಂದು ಕೆಲಸವನ್ನು ಹೊತ್ತು ನಿಂತವೇ: ಗಡಿಕಲ್ಲು ಎಲ್ಲೆಯನ್ನು ಹೇಳುತ್ತಿತ್ತು, ಊರ ನಡುವಣ ಕರಗಲ್ಲು ದನಕರುಗಳಿಗೆ ರೋಗ ಬಂದಾಗ ಪೂಜೆಗೊಳ್ಳುತ್ತಿತ್ತು, ವೀರಗಲ್ಲು, ಮಾಸ್ತಿಗಲ್ಲುಗಳು ಸತ್ತವರ ಋಣವನ್ನು ಬದುಕಿರುವವರಿಗೆ ನೆನಪಿಸುತ್ತಿದ್ದುವು. ಬೆರ್ಚಪ್ಪನನ್ನೂ ಈ ಕುಲದಿಂದ ಹೊರಗಿಡುವುದು ನ್ಯಾಯವಲ್ಲ. ಅವನಷ್ಟು ನಿಷ್ಠೆಯಿಂದ ದುಡಿಯುವ ಪ್ರತಿಮೆ ನಾಡಿನಲ್ಲಿ ಮತ್ತೊಂದಿಲ್ಲ.

ಉತ್ತರ ಬೆಂಗಳೂರಿನಲ್ಲಿ ಮಹಾಪ್ರತಿಮೆಯ ಮಾತೆತ್ತುವ ಯಾರೇ ಆಗಲಿ, ಮೊದಲು ಹೆಬ್ಬಾಳದ ಕಿತ್ತಯ್ಯನ ವೀರಗಲ್ಲಿನ ಮುಂದೆ ಅರ್ಧ ಗಂಟೆ ನಿಲ್ಲತಕ್ಕದ್ದೆಂದು ನನ್ನ ಅಭಿಪ್ರಾಯ. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು, ಬೆಂಗಳೂರು ಎಂಬ ಹೆಸರು ಕಲ್ಲಿನ ಮೇಲೆ ಬರುವುದಕ್ಕೂ ಒಂದು ಶತಮಾನಕ್ಕೆ ಮೀರಿ ಹಿಂದಿನದು. ಪೆರ್ಬೊಳಲ್ನಾಡಿನ ಮೇಲೆ, ಅಂದರೆ ಹೆಬ್ಬಾಳದ ಸೀಮೆಯ ಮೇಲೆ, ರಟ್ಟರ ದಂಡು ಬಂದಾಗ ಕಾದಿ ಮಡಿದ ಕಿತ್ತಯ್ಯನೆಂಬವನ ಸ್ಮರಣೆಗಾಗಿ ನಿಂತ ಆ ಶಿಲೆ, ಶತಮಾನಗಳ ಕಾಲ ಮರೆವಿನಲ್ಲಿ ಹುದುಗಿದ್ದು, 2018ರಲ್ಲಿ ಚರಂಡಿಯ ಕೆಲಸಕ್ಕಾಗಿ ನೆಲವನ್ನು ಅಗೆಯುವಾಗ ಮೇಲೆ ಬಂತು. ಇತಿಹಾಸಪ್ರಿಯರಾದ ಕೆಲವರು ಅದನ್ನು ಜೋಪಾನ ಮಾಡಿ ಮಂಟಪವೊಂದನ್ನು ಕಟ್ಟಿಸಿದರು. ಕಲ್ಲು ದೊಡ್ಡದೇನಲ್ಲ. ಆದರೂ ಅದು ಮಡಿದವನ ಹೆಸರನ್ನು, ಅವನ ನಾಡನ್ನು, ಯಾರ ಮೇಲೆ ಕಾದಿದನೆಂಬುದನ್ನು ಹೇಳುತ್ತದೆ. ಸಾವಿರದ ಇನ್ನೂರು ವರ್ಷಗಳ ಮೇಲೂ ಅದರಿಂದ ತಿಳಿಯಬೇಕಾದುದು ನಮಗೆ ತಿಳಿಯುತ್ತಿದೆ. ಒಂದು ಮೂರ್ತಿಗೆ ಇದಕ್ಕಿಂತ ಹೆಚ್ಚಿನ ಯಶಸ್ಸು ಯಾವುದು?

ಕೆಂಪೇಗೌಡರ ವಿಷಯದಲ್ಲಿಯೂ ಲೋಹದ ಪ್ರತಿಮೆ ಹೊಸತಲ್ಲ. ಶಿವಗಂಗೆಯ ಗಂಗಾಧರೇಶ್ವರನ ಸನ್ನಿಧಿಯಲ್ಲಿ ಅವರ ಮರಣಾನಂತರ, 1609ರಲ್ಲಿ ಸ್ಥಾಪಿತವಾದ ಲೋಹಮೂರ್ತಿಯೊಂದಿದೆ. ಅಲ್ಲಿ ಪ್ರಭುವು ಖಡ್ಗಧಾರಿಯಾಗಿರದೆ ಕೈಮುಗಿದ ಭಕ್ತನಾಗಿ ನಿಂತಿದ್ದಾನೆ. ಬೆಂಗಳೂರಿನ ನಗರಪಾಲಿಕೆಯ ಕಚೇರಿಯ ಮುಂದೆ 1964ರಲ್ಲಿ ಒಂದು ಪ್ರತಿಮೆ ಬಂತು. ಮೂರನೆಯದು ವಿಮಾನನಿಲ್ದಾಣದ್ದು. ಕಾಲ ಕಳೆದಂತೆ ಒಬ್ಬನೇ ಪುರುಷನ ಎತ್ತರ ಬೆಳೆಯುತ್ತ ಹೋದುದನ್ನೂ, ಮುಗಿದ ಕೈ ಹೋಗಿ ಖಡ್ಗ ಬಂದುದನ್ನೂ ನೋಡಿದರೆ, ಪ್ರತಿಮೆಗಳು ಆಯಾ ಪುರುಷರಿಗಿಂತ ಅವುಗಳನ್ನು ನಿಲ್ಲಿಸಿದ ಕಾಲದ ಮನಸ್ಸನ್ನೇ ಹೆಚ್ಚು ಹೇಳುತ್ತವೆ ಎಂಬ ಅನುಮಾನ ಬರುವುದು ಸಹಜ. ಇನ್ನು ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳಲ್ಲೊಂದು ಮೇಖ್ರಿ ವೃತ್ತದ ಬಳಿಯಿದೆ. ಒಂದು ಕಾಲದಲ್ಲಿ ದಿಬ್ಬದ ನೆತ್ತಿಯಿಂದ ನಾಲ್ಕು ದಿಕ್ಕನ್ನೂ ಕಾಣುತ್ತಿದ್ದ ಆ ಪುಟ್ಟ ಗೋಪುರದ ಕೆಳಗೆ ಪ್ರತಿದಿನ ಸಹಸ್ರಾರು ವಾಹನಗಳು ತೆವಳಿಕೊಂಡು ಹೋಗುತ್ತವೆ. ಅದರ ಇರವನ್ನು ಬಲ್ಲವರು ವಿರಳ.

ಎತ್ತರವೇ ದೋಷವೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಹೊರಟವನ ಬಾಯನ್ನು ಶ್ರವಣಬೆಳಗೊಳದ ಗೊಮ್ಮಟನು ಒಂದೇ ನೋಟದಿಂದ ಮುಚ್ಚಿಸಿಬಿಡುತ್ತಾನೆ. ಚಾವುಂಡರಾಯನು ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಸುಮಾರು 981ರಲ್ಲಿ ಮಾಡಿಸಿದ 57 ಅಡಿಯ ಆ ಮೂರ್ತಿಯನ್ನು ಬೆಟ್ಟದ ಮೇಲೆ ತಂದು ನಿಲ್ಲಿಸಿದ್ದಲ್ಲ; ಬೆಟ್ಟದ ಶಿಖರವನ್ನೇ ಕಡೆಕಡೆದು, ಬೇಡವಾದುದನ್ನು ತೆಗೆದು ಹಾಕಿದ ಮೇಲೆ ಉಳಿದದ್ದು ಅದು. ಕೆಳಗೆ ನಿಂತು ನೋಡುವ ಭಕ್ತನ ದೃಷ್ಟಿಯನ್ನು ಎಣಿಸಿಯೋ ಏನೋ, ಮೊಣಕಾಲಿನ ಕೆಳಭಾಗವನ್ನು ಮೋಟುಮಾಡಿ, ಭುಜಗಳನ್ನು ವಿಶಾಲವಾಗಿ ಬಿಟ್ಟಿದ್ದಾರೆ. ಅದೇ ಭುಜಗಳು ಹಲವು ಹರದಾರಿ ದೂರದ ಹೊಲದಲ್ಲಿ ನೇಗಿಲು ಹಿಡಿದವನಿಗೂ ಬೆಟ್ಟದ ನೆತ್ತಿಯ ಮೇಲೆ ಕಾಣುತ್ತವೆ. ಎತ್ತರಕ್ಕೂ ಚೆಲುವಿಗೂ ಮಹಿಮೆಗೂ ಇರುವ ಸಂಬಂಧವೇನೆಂಬ ವಿಚಾರವನ್ನು ಬೊಪ್ಪಣ ಪಂಡಿತನು ಹನ್ನೆರಡನೆಯ ಶತಮಾನದಲ್ಲಿಯೇ ಅಲ್ಲಿಯ ಶಾಸನದಲ್ಲಿ ಎತ್ತಿಕೊಂಡಿದ್ದಾನೆಂಬುದನ್ನು ನೆನೆದಾಗ, ಅಡಿಯ ಲೆಕ್ಕವೊಂದನ್ನೇ ಶೀರ್ಷಿಕೆಯಲ್ಲಿ ಮುದ್ರಿಸುವ ನಮ್ಮ ಪತ್ರಿಕೆಗಳ ಬಗೆಗೆ ಕೊಂಚ ನಾಚಿಕೆಯಾಗುತ್ತದೆ.

ಕಾರ್ಕಳದ ಮೂರ್ತಿಯದು (1432) ಬೇರೆ ಬಗೆ. ಅದನ್ನು ಕಡೆದ ಮೇಲೆ ಬೆಟ್ಟಕ್ಕೆ ಏರಿಸಿದ್ದು. ನಮ್ಮ ಕಾಲದಲ್ಲಿಯೂ ಇಂಥದೊಂದು ನಡೆಯಿತು. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕಡೆದ 39 ಅಡಿಯ ಬಾಹುಬಲಿಯು 1973ರಲ್ಲಿ ಗಾಡಿಯೇರಿ ಧರ್ಮಸ್ಥಳದ ದಾರಿ ಹಿಡಿದಾಗ, ರಸ್ತೆಯ ಇಕ್ಕೆಲಗಳಲ್ಲಿಯೂ ಜನ ನೆರೆದು ನೋಡಿದರು. 1982ರಲ್ಲಿ ಪ್ರತಿಷ್ಠೆಯಾಗುವ ಹೊತ್ತಿಗೆ ಆ ಮೂರ್ತಿ ದಾರಿಯ ಊರುಗಳಿಗೆಲ್ಲ ಪರಿಚಿತವಾಗಿಬಿಟ್ಟಿತ್ತು.

ಅದೇ ಕಾರ್ಕಳದ ಸೀಮೆಯಲ್ಲಿ, ಬೈಲೂರಿನ ಉಮಿಕಲ್ಲು ಬೆಟ್ಟದ ಮೇಲೆ, 2023ರ ಜನವರಿಯಲ್ಲಿ ಅನಾವರಣಗೊಂಡ ಪರಶುರಾಮನ ಪ್ರತಿಮೆ ಕಂಚಿನದಲ್ಲವೆಂಬ ಆರೋಪ ಹುಟ್ಟಿ, ಅದೇ ವರ್ಷ ಅದರ ಮೇಲ್ಭಾಗವನ್ನು ಕಳಚಿ, ಸಂಗತಿ ಪೊಲೀಸು ತನಿಖೆಯವರೆಗೂ ಹೋದದ್ದನ್ನು ವಿಸ್ತರಿಸಲು ನನಗೆ ಮನಸ್ಸಿಲ್ಲ. ಅವಸರದ ಫಲವೆಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇನೆ.

ನಂದಿಯ ಮಗ್ಗುಲಲ್ಲಿ, ಚಿಕ್ಕಬಳ್ಳಾಪುರದ ಆವಲಗುರ್ಕಿಯಲ್ಲಿ, ಅದೇ 2023ರ ಜನವರಿ 15ರಂದು 112 ಅಡಿಯ ಆದಿಯೋಗಿಯ ಮುಖ ಅನಾವರಣಗೊಂಡಿತು. ವಾರಾಂತ್ಯದಲ್ಲಿ ಅಲ್ಲಿಗೆ ಸಾಗುವ ಕಾರುಗಳ ಸಾಲನ್ನು ನೋಡಿದರೆ ಜನಾಕರ್ಷಣೆಯ ವಿಷಯದಲ್ಲಿ ಅದಕ್ಕೆ ಎಣೆಯಿಲ್ಲವೆಂದು ಒಪ್ಪಬೇಕು. ಅದರ ಸೊಗಸನ್ನೂ ನಾನು ಅಲ್ಲಗಳೆಯಲಾರೆ. ಸಂಜೆಯ ಬೆಳಕಿನಲ್ಲಿ ಹಿಂದಣ ಬೆಟ್ಟಸಾಲು ಆ ಮುಖಕ್ಕೆ ಸಹಾಯ ಮಾಡುತ್ತದೆ. ಆದರೆ ಅದೇ ಮುಖ, ಅದೇ 112 ಅಡಿ, 2017ರಿಂದ ಕೊಯಮತ್ತೂರಿನ ಬಳಿಯೂ ಇದೆ. ವೆಳ್ಳಿಯಂಗಿರಿಯ ಬುಡಕ್ಕೂ ನಂದಿಯ ಬುಡಕ್ಕೂ ಒಂದೇ ಮೂರ್ತಿ ಒಪ್ಪುವುದಾದರೆ, ಎರಡರಲ್ಲಿ ಯಾವ ನೆಲವೂ ಆ ಮೂರ್ತಿಯನ್ನು ಕೇಳಿರಲಿಲ್ಲವೆಂದೇ ನಾನು ತಿಳಿಯುತ್ತೇನೆ. ಭಕ್ತರು ಕ್ಷಮಿಸಬೇಕು, ನಾನು ಹೇಳುತ್ತಿರುವುದು ಶಿಲ್ಪದ ಮಾತು, ಶಿವನ ಮಾತಲ್ಲ.

ಹೊರದೇಶದ ಒಂದು ದೃಷ್ಟಾಂತ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಇಂಗ್ಲೆಂಡಿನ ಈಶಾನ್ಯಭಾಗದ ಗೇಟ್ಸ್‌ಹೆಡ್ ಎಂಬ ಊರಿನ ಹೊರಗಣ ದಿಬ್ಬದ ಮೇಲೆ 1998ರಲ್ಲಿ ಆಂಟನಿ ಗಾರ್ಮ್ಲಿ ಎಂಬ ಶಿಲ್ಪಿಯ ‘ಉತ್ತರದ ದೇವದೂತ’ ನಿಂತಿತು. ಎತ್ತರ 20 ಮೀಟರು, ಅಂದರೆ ನಮ್ಮ ಕೆಂಪೇಗೌಡರ ಎದೆಮಟ್ಟಕ್ಕೂ ಬಾರದು. ರೆಕ್ಕೆಗಳ ಹರವು ಮಾತ್ರ 54 ಮೀಟರು. ಸಲಹೆ ಹೊರಟಾಗ ಊರವರು, ಪತ್ರಿಕೆಗಳು ಉಗ್ರವಾಗಿ ವಿರೋಧಿಸಿದರು. ಆದರೆ ಅದು ನಿಂತ ನೆಲ ಹಿಂದೆ ಕಲ್ಲಿದ್ದಲ ಗಣಿಯ ಕಾರ್ಮಿಕರು ಕೆಲಸ ಮುಗಿಸಿ ಮೈತೊಳೆದುಕೊಳ್ಳುತ್ತಿದ್ದ ಸ್ಥಳ. ಅದನ್ನು ಬೆಸೆದ ಕೈಗಳು ಅದೇ ಸೀಮೆಯ ಉಕ್ಕಿನ ಕೆಲಸಗಾರರವು. ಮಳೆಗಾಳಿಗೆ ತುಕ್ಕುಹಿಡಿದು ಆ ತುಕ್ಕೇ ಕವಚವಾಗುವಂಥ ಉಕ್ಕು ಅದರದು. ಬಿರುಗಾಳಿಗೆ ರೆಕ್ಕೆ ಅಲುಗದಂತೆ ಕಾಂಕ್ರೀಟಿನ ಕಂಬಗಳನ್ನು ಇಪ್ಪತ್ತು ಮೀಟರು ಆಳಕ್ಕೆ ಇಳಿಸಿ ಬಂಡೆಗೆ ಬಿಗಿದರು: ಮೇಲೆ ಎಷ್ಟೋ ಕೆಳಗೂ ಅಷ್ಟು. ಬೈದವರ ಮಕ್ಕಳು ಈಗ ಅದನ್ನು ತಮ್ಮದೆಂದು ಹೇಳಿಕೊಳ್ಳುತ್ತಾರೆ.

ದುಡಿದವರ ನೆನಪನ್ನು ಹೊತ್ತ ಅಂಥ ನೆಲ ನಮ್ಮಲ್ಲಿಯೂ ಉಂಟು. ನಮ್ಮ ವಿಮಾನನಿಲ್ದಾಣವೇ ಸುಮಾರು ನಾಲ್ಕು ಸಾವಿರ ಎಕರೆಯಷ್ಟು ನೆಲದ ಮೇಲೆ ಹಬ್ಬಿದೆ. ಅದಿರುವ ಸೀಮೆಯೆಲ್ಲ ರಾಗಿಯದು, ಹುರುಳಿಯದು, ಕೆರೆಯದು. ಆ ಬೆಳೆಯನ್ನು ಬೆಳೆದವರ ಸ್ಮರಣೆಗೆ ಒಂದು ಕಲ್ಲು ಬೇಕೆಂದು ನನಗೆ ಅನ್ನಿಸುತ್ತದೆ. ಕಲ್ಲಿಗೆ ದೂರ ಹೋಗಬೇಕಿಲ್ಲ. ಈ ಸೀಮೆಯ ನೆಲ ಕೆದಕಿದರೆ ಬಂಡೆಯೇ. ಕಡೆಯುವ ಕೈಗೂ ಮಾಲೂರಿನ ಶಿವಾರಪಟ್ಟಣಕ್ಕಿಂತ ಆಚೆಗೆ ಹೋಗಬೇಕಾದುದಿಲ್ಲ. ಆ ಊರಿನ ಬೀದಿಯನ್ನು ಹೊಕ್ಕವನಿಗೆ ಉಳಿಯ ಸದ್ದು ಮೊದಲು, ಮನುಷ್ಯರ ಮಾತು ಆಮೇಲೆ ಕೇಳುವುದು.

ಆದರೆ ನನ್ನ ಈ ಸಲಹೆಯನ್ನೂ ಸೇರಿಸಿಕೊಂಡು, ಇನ್ನು ಮುಂದೆ ಬರಲಿರುವ ಯಾವ ಸಲಹೆಯನ್ನೇ ಆಗಲಿ (ಬರುತ್ತಲೇ ಇರುತ್ತವೆ, ಸಂದೇಹವಿಲ್ಲ) ಕಾಗದದ ಮೇಲಣ ಚಿತ್ರವನ್ನು ನೋಡಿ ಒಪ್ಪಬಾರದು. ಸ್ವಿಟ್ಸರ್ಲೆಂಡಿನಲ್ಲಿ ಒಂದು ಪದ್ಧತಿಯಿದೆ: ಯಾರಾದರೂ ಮನೆ ಕಟ್ಟಬೇಕೆಂದು ಅರ್ಜಿ ಕೊಟ್ಟರೆ, ಅನುಮತಿಗೆ ಮುಂಚೆ ಅದೇ ನಿವೇಶನದಲ್ಲಿ ಕಟ್ಟಡದ ಎತ್ತರವನ್ನೂ ಆಕಾರವನ್ನೂ ತೋರಿಸುವ ಗಳುಗಳನ್ನು ನೆಟ್ಟು ನೆರೆಹೊರೆಯವರಿಗೆ ತೋರಿಸಬೇಕು. ನೋಡಿದವರು ತಕರಾರಿದ್ದರೆ ಸಲ್ಲಿಸುತ್ತಾರೆ. ಮನೆಗೇ ಇಷ್ಟು ವಿನಯ ಸಲ್ಲುವುದಾದರೆ ಮಹಾಪ್ರತಿಮೆಗೆ ಎಷ್ಟು ಸಲ್ಲಬೇಡ?

ನಮ್ಮ ಗಾರೆಕೆಲಸದವರಿಗೆ ಸಾರುವೆ ಕಟ್ಟುವ ವಿದ್ಯೆ ಹೊಸದಲ್ಲ. ಮುಂದಿನ ಪ್ರತಿಮೆಯನ್ನು ಎರಕ ಹೊಯ್ಯುವ ಮೊದಲು, ಅಥವಾ ಕಲ್ಲಿಗೆ ಉಳಿ ಇಡುವ ಮೊದಲು, ಗೊತ್ತುಮಾಡಿದ ಜಾಗದಲ್ಲಿ ಅಷ್ಟೇ ಎತ್ತರಕ್ಕೆ ಸಾರುವೆ ಕಟ್ಟಿ, ಬಟ್ಟೆ ಹೊದಿಸಿ, ರಾಗಿ ಬಿತ್ತನೆಯ ದಿವಸದಿಂದ ಕಣ ಮುಗಿಯುವ ತನಕ ಹಾಗೆಯೇ ಬಿಡಿ. ಆಷಾಢದ ಗಾಳಿ ಅದನ್ನು ಪರೀಕ್ಷಿಸಲಿ. ಸುತ್ತಣ ಹೊಲದವರು ಬಿತ್ತುವಾಗ, ಕಳೆ ಕೀಳುವಾಗ, ಕೊಯ್ಯುವಾಗ, ಸೊಂಟ ನೆಟ್ಟಗೆ ಮಾಡಿಕೊಳ್ಳಲೆಂದು ಎದ್ದುನಿಂತ ಪ್ರತಿಯೊಂದು ಸಲವೂ ಅದನ್ನು ನೋಡಲಿ. ಬಳಿಕ ಗ್ರಾಮಸಭೆ ಕರೆದು, ಇದು ಬೇಕೆ, ಇಲ್ಲಿಯೇ ಬೇಕೆ, ಇಷ್ಟೇ ಎತ್ತರ ಬೇಕೆ ಎಂದು ಕೇಳಿ. ಇದಕ್ಕಾಗುವ ವೆಚ್ಚ, ನನ್ನ ಎಣಿಕೆಯಲ್ಲಿ, ನಾಲ್ಕು ಸಾವಿರ ಕಿಲೋದ ಆ ಖಡ್ಗದ ಬೆಲೆಯನ್ನು ಮುಟ್ಟಲಾರದು; ಬೇಡವೆಂದರೆ ಗಳುಗಳನ್ನು ಬಿಚ್ಚಿ ಕಂಟ್ರಾಕ್ಟರನಿಗೆ ಹಿಂದಿರುಗಿಸಬಹುದು.