ಛಾವಣಿಯ ಕೆಳಗೂ ದಾರಿ ಬೇಕು

ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಕಣ್ಣು ಕಾಣದವರೂ ಬಸ್ಸು ಹತ್ತಿ ಒಬ್ಬರೇ ಹೋಗಿಬರಬಹುದು. ಬೇಗೂರು ಬಂತು, ನಂಜನಗೂಡು ಬಂತು ಎಂದು ಕೈಯಲ್ಲಿರುವ ಫೋನೇ ಹೇಳುತ್ತದೆ. ಕಷ್ಟ ಶುರುವಾಗುವುದು ದೊಡ್ಡ ಕಟ್ಟಡವೊಂದರ ಬಾಗಿಲು ದಾಟಿದ ಮೇಲೆ. ಚೀಟಿ ಮಾಡಿಸುವ ಕೌಂಟರ್ ಎಡಕ್ಕೋ ಬಲಕ್ಕೋ, ಲಿಫ್ಟ್ ಎಲ್ಲಿ, ಡಾಕ್ಟರ್ ಕೂರುವ ಕೊಠಡಿ ಯಾವುದು? ಇದಕ್ಕೆ ಫೋನಿನಲ್ಲಿ ಉತ್ತರವಿಲ್ಲ.

ಫೋನಿಗೆ ಜಾಗ ತಿಳಿಸುವ ಜಿಪಿಎಸ್ ಉಪಗ್ರಹಗಳಿರುವುದು ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ. ನೆಲ ಮುಟ್ಟುವಷ್ಟರಲ್ಲಿ ಸೊರಗಿಹೋಗುವ ಅವುಗಳ ಸಂಕೇತಕ್ಕೆ ಕಾಂಕ್ರೀಟ್ ಛಾವಣಿ ದಾಟುವ ಶಕ್ತಿ ಇರುವುದಿಲ್ಲ. ಬಯಲಿನಲ್ಲೇ ಕೆಲವು ಮೀಟರ್ ಹೆಚ್ಚುಕಡಿಮೆಯಾಗುವ ಲೆಕ್ಕವದು. ಕಟ್ಟಡದೊಳಗೆ ಅಷ್ಟು ತಪ್ಪಿದರೆ ಪಕ್ಕದ ಕೊಠಡಿಗೆ ಹೋಗಿರುತ್ತೇವೆ.

ಇದಕ್ಕೊಂದು ದಾರಿ ಹುಡುಕಿದವರಲ್ಲಿ ಜಪಾನಿನ ವಿಜ್ಞಾನಿ ಚಿಯೆಕೊ ಅಸಕಾವಾ ಮುಖ್ಯರು. ಹದಿನಾಲ್ಕನೇ ವಯಸ್ಸಿಗೆ ದೃಷ್ಟಿ ಕಳೆದುಕೊಂಡ ಅವರು, ಐಬಿಎಂ ಮತ್ತು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತಂಡದೊಂದಿಗೆ ‘ನ್ಯಾವ್‌ಕಾಗ್’ ಎಂಬ ಆ್ಯಪ್ ರೂಪಿಸಿದರು. ಗೋಡೆಗಳ ಮೇಲೆ ಅಲ್ಲಲ್ಲಿ ಬೀಕನ್ ಎಂಬ ಪುಟ್ಟ ಬ್ಲೂಟೂತ್ ಪೆಟ್ಟಿಗೆಗಳನ್ನು ಅಂಟಿಸಿರುತ್ತಾರೆ. ಯಾವುದರ ಸಂಕೇತ ಎಷ್ಟು ಜೋರಾಗಿದೆ ಎಂದು ನೋಡಿ ಫೋನ್ ತಾನಿರುವ ಜಾಗವನ್ನು ಅಂದಾಜಿಸುತ್ತದೆ, ಎಲ್ಲಿ ತಿರುಗಬೇಕೆಂದು ಕಿವಿಯಲ್ಲಿ ಹೇಳುತ್ತದೆ. ತೊಡಕೂ ಇದೆ. ಮನುಷ್ಯನ ಮೈಯಲ್ಲಿರುವ ನೀರು ಈ ಸಂಕೇತವನ್ನು ಹೀರಿಕೊಳ್ಳುವುದರಿಂದ ಜನ ಕಿಕ್ಕಿರಿದಾಗ ಲೆಕ್ಕ ತಪ್ಪಬಹುದು. ಬ್ಯಾಟರಿ ಬದಲಿಸಬೇಕು. ಕೊಠಡಿ ಬದಲಾದರೆ ನಕ್ಷೆಯನ್ನೂ ತಿದ್ದಬೇಕು. ನಮ್ಮ ಕಚೇರಿಗಳಲ್ಲಿ ಈ ಕೊನೆಯ ಕೆಲಸವೇ ಎಲ್ಲಕ್ಕಿಂತ ಕಷ್ಟದ್ದು.

ಹಾಗಾಗಿ ಹತ್ತಿರದ ಮೈಸೂರಿನ ಉದಾಹರಣೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಚಾಮರಾಜನಗರದ ರೈಲು ಹೋಗಿ ಸೇರುವ ಮೈಸೂರು ನಿಲ್ದಾಣದಲ್ಲಿ 2015ರಲ್ಲಿ ‘ಅನುಪ್ರಯಾಸ್’ ಸಂಸ್ಥೆ ಬೆರಳಿನಿಂದ ಓದುವ ಬ್ರೈಲ್ ನಕ್ಷೆ, ಬ್ರೈಲ್ ಫಲಕಗಳನ್ನು ಅಳವಡಿಸಿತು. ದೃಷ್ಟಿದೋಷವುಳ್ಳವರಿಗಾಗಿ ಹೀಗೆ ಸಜ್ಜಾದ ದೇಶದ ಮೊದಲ ರೈಲು ನಿಲ್ದಾಣವದು. ಅದೇ ಊರಿನ ನಗರ ಸಾರಿಗೆಯಲ್ಲಿ ಕೆಎಸ್‌ಆರ್‌ಟಿಸಿ ‘ಧ್ವನಿ ಸ್ಪಂದನ’ ತಂದಿದೆ. ಕೈಯಲ್ಲಿರುವ ಸಾಧನದ ಗುಂಡಿ ಒತ್ತಿದರೆ ಎದುರಿಗೆ ಬಂದ ಬಸ್ಸಿನ ನಂಬರು ಗೊತ್ತಾಗುತ್ತದೆ. ಬೇಕಾದ ಬಸ್ಸನ್ನು ಆರಿಸಿದರೆ ಅದರ ಬಾಗಿಲ ಬಳಿಯಿಂದ ದನಿ ಹೊರಡುತ್ತದೆ, ಅದನ್ನೇ ಹಿಡಿದು ಹೋಗಿ ಹತ್ತಬಹುದು.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ದೃಷ್ಟಿದೋಷವುಳ್ಳವರು 2.64 ಲಕ್ಷ. ಸಾರ್ವಜನಿಕ ಕಟ್ಟಡಗಳು ಇವರಿಗೂ ಸುಗಮವಾಗಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಇದು ದಯೆಯ ಮಾತಲ್ಲ, ಹಕ್ಕಿನ ಮಾತು.

ಚಾಮರಾಜನಗರ ಜಿಲ್ಲೆಯಲ್ಲಿ ಎಲ್ಲಿಂದ ಆರಂಭಿಸಬೇಕು? ಯಡಪುರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಿಂದ ಎನ್ನಬಹುದು. 2021ರಲ್ಲಿ ಉದ್ಘಾಟನೆಯಾದ 450 ಹಾಸಿಗೆಗಳ ಈ ದೊಡ್ಡ ಕಟ್ಟಡಕ್ಕೆ ಗುಂಡ್ಲುಪೇಟೆ, ಕೊಳ್ಳೇಗಾಲ, ಹನೂರು ಕಡೆಯ ಜನರೆಲ್ಲ ಬರಬೇಕು. ಮೊದಲು ಉಬ್ಬು ಟೈಲ್ಸ್, ಕನ್ನಡ ಬ್ರೈಲ್ ಫಲಕ, ಮಹಡಿಯನ್ನು ಕನ್ನಡದಲ್ಲಿ ಹೇಳುವ ಲಿಫ್ಟ್. ಬೀಕನ್ ಆಮೇಲೆ ಬರಲಿ.

ಓದುಗರಿಂದಲೂ ಒಂದು ಕೆಲಸ ಆಗಬೇಕು. ನಿಲ್ದಾಣಗಳ ನೆಲದಲ್ಲಿರುವ ಹಳದಿ ಉಬ್ಬು ಟೈಲ್ಸ್ ಅಲಂಕಾರಕ್ಕೆ ಹಾಕಿದ್ದಲ್ಲ. ಉದ್ದ ಗೆರೆ ಇದ್ದರೆ ಮುಂದೆ ನಡೆಯಿರಿ ಎಂದು, ಬೊಟ್ಟುಗಳಿದ್ದರೆ ನಿಲ್ಲಿ ಎಂದು ಅದು ಬಿಳಿ ಕೋಲಿಗೆ ಹೇಳುತ್ತದೆ. ದಯವಿಟ್ಟು ಅದರ ಮೇಲೆ ಲಗೇಜು ಇಡಬೇಡಿ, ಬೈಕ್ ನಿಲ್ಲಿಸಬೇಡಿ.