ಭಾನುವಾರದ ಉಪಾಹಾರಕ್ಕೆ ರಾಗಿಯ ಒತ್ತು ಶ್ಯಾವಿಗೆ

ಬೇಸಾಯದ ಫಲವನ್ನು ಅಳೆಯುವಾಗ ಎಕರೆಗೆ ಎಷ್ಟು ಕ್ವಿಂಟಾಲು ಬಂದಿತು, ಪೇಟೆಯಲ್ಲಿ ಎಷ್ಟು ಬೆಲೆ ದೊರೆಯಿತು ಎಂಬ ಎರಡು ಲೆಕ್ಕಗಳನ್ನು ಮಾತ್ರವೇ ಹಿಡಿಯುವುದು ವಾಡಿಕೆ. ಬೆಳೆದ ಧಾನ್ಯದಲ್ಲಿ ಎಷ್ಟು ಭಾಗವು ಬೆಳೆದವರ ಒಲೆಯ ಮೇಲೇರಿತು, ಅದನ್ನು ಮನೆಯ ಮಕ್ಕಳು ಸಂತೋಷದಿಂದ ಉಂಡರೇ ಎಂಬ ಮೂರನೆಯ ಲೆಕ್ಕವೊಂದುಂಟು. ಹಳೆಯ ಮೈಸೂರು ಸೀಮೆಯ ರಾಗಿಯ ಹೊಲಗಳ ಯಜಮಾನರು ಈ ಮೂರನೆಯ ಲೆಕ್ಕವನ್ನು ಮರೆತರೆ, ರಾಗಿಯು ಹೊಲದಲ್ಲಿ ಉಳಿದರೂ ಮನೆಯಲ್ಲಿ ಅಳಿಯುವುದು. ಮನೆಯಲ್ಲಿ ಅಳಿದ ಬೆಳೆಯು ಹೊಲದಲ್ಲಿಯೂ ಬಹುಕಾಲ ನಿಲ್ಲಲಾರದು.

ರಾಗಿಯೆಂದರೆ ದುಡಿಯುವವರ ಮುದ್ದೆ, ಹಬ್ಬಕ್ಕೂ ನೆಂಟರಿಗೂ ತಕ್ಕದ್ದಲ್ಲ ಎಂಬ ಭಾವನೆಯು ಅನೇಕ ಮನೆಗಳಲ್ಲಿ ಬೇರೂರಿದೆ. ವಾರದ ದಿನಗಳಲ್ಲಿ ಅವಸರದ ಊಟ. ರಜೆ ಬಂದಿತೆಂದರೆ ಅಂಗಡಿಯ ಮೈದಾ ತಿಂಡಿ. ಹಿಂದೆ ಎತ್ತುಗಳ ಹೆಗಲಿಗೆ ನೊಗವಿಡದ ಸೋಮವಾರವು ಒಕ್ಕಲು ಮನೆಯ ಬಿಡುವಿನ ದಿನವಾಗಿದ್ದಿತು. ಈಗ ಶಾಲೆಯ ಮಕ್ಕಳೂ ಪಟ್ಟಣದಲ್ಲಿರುವ ಮಕ್ಕಳೂ ಮನೆ ಸೇರುವುದು ಭಾನುವಾರವಾದುದರಿಂದ, ಆ ದಿನದ ಬೆಳಗಿನ ಎಲೆಯ ಮೇಲೆ ರಾಗಿಯನ್ನು ಅದರ ಅತ್ಯುತ್ತಮ ರೂಪದಲ್ಲಿ ಬಡಿಸುವುದು ಯುಕ್ತ. ಅದಕ್ಕೆ ಒತ್ತು ಶ್ಯಾವಿಗೆ ಮತ್ತು ಕಾಯಿಹಾಲಿಗಿಂತ ಮೇಲಾದುದು ವಿರಳ.

ಬೆಳೆಯ ಹಿನ್ನೆಲೆ.— ಪೂರ್ವ ಆಫ್ರಿಕದ ಎತ್ತರದ ಸೀಮೆಗಳಲ್ಲಿ ಮೊದಲು ಸಾಗುವಳಿಗೆ ಬಂದ ರಾಗಿಯು ಸಾವಿರಾರು ವರ್ಷಗಳ ಹಿಂದೆಯೇ ನಮ್ಮ ನಾಡನ್ನು ಸೇರಿತು. ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ ಲೆಸ್ಲಿ ಕೋಲ್ಮನ್ನರ ನೇತೃತ್ವದಲ್ಲಿ ಕೃಷಿ ಇಲಾಖೆಯು ಏರ್ಪಟ್ಟ ಮೇಲೆ ರಾಗಿಯ ತಳಿಗಳ ಆಯ್ಕೆಯು ಕ್ರಮವಾಗಿ ನಡೆಯಿತು. ಮುಂದೆ ಮಂಡ್ಯದ ವಿ.ಸಿ. ಫಾರಮಿನಲ್ಲಿ ಡಾ. ಸಿ. ಹೆಚ್. ಲಕ್ಷ್ಮಣಯ್ಯನವರು ನಾಡ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಿಸಿ 'ಇಂಡಾಫ್' ತಳಿಗಳನ್ನು ಕೊಟ್ಟರು. ಭಾರತದ ಸಲಹೆಯಂತೆ ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿತು. ಇಷ್ಟೆಲ್ಲ ಮರ್ಯಾದೆ ಪಡೆದ ಧಾನ್ಯಕ್ಕೆ ಬೆಳೆದವರ ಮನೆಯಲ್ಲಿಯೇ ಎರಡನೆಯ ಪಂಕ್ತಿ ದೊರೆಯುವುದು ನ್ಯಾಯವಲ್ಲ.

ಪೋಷಣೆ.— ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶವಿರುವುದು. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಸುಮಾರು 10 ಮಿಲಿಗ್ರಾಂ ಮಾತ್ರ. ಬೆಳೆಯುವ ಮಕ್ಕಳ ಎಲುಬಿಗೂ ಬಾಣಂತಿಯರಿಗೂ ಈ ಅಂಶವು ಅವಶ್ಯಕ. ಅದರ ಹೆಚ್ಚಿನ ಭಾಗವು ಕಾಳಿನ ಹೊರಸಿಪ್ಪೆಯಲ್ಲಿರುವುದರಿಂದ, ಬೆಳ್ಳಗೆ ಕಾಣಲೆಂದು ಹಿಟ್ಟನ್ನು ಅತಿಯಾಗಿ ಜರಡಿ ಹಿಡಿದು ತೌಡನ್ನು ಚೆಲ್ಲುವುದು ನಷ್ಟವೇ ಸರಿ.

ಹಿಟ್ಟು.— ಕಲ್ಲು ಮಣ್ಣುಗಳಿಲ್ಲದಂತೆ ಕೇರಿ, ತೊಳೆದು, ನೆರಳಿನಲ್ಲಿ ಚೆನ್ನಾಗಿ ಆರಿಸಿದ ರಾಗಿಯನ್ನು ಬಹು ನಯವಾಗಿ ಬೀಸಿಸತಕ್ಕದ್ದು. ಶ್ಯಾವಿಗೆಗೆ ಬೇಕಾದ ನುಣುಪು ಬೀಸುವುದರಿಂದ ಬರಬೇಕು, ಜರಡಿಯಿಂದಲ್ಲ. ಮೊಳಕೆ ಕಟ್ಟಿದ ರಾಗಿಯ ಹಿಟ್ಟು ಮಕ್ಕಳ ಗಂಜಿಗೆ ಉತ್ತಮವಾದರೂ ಇದಕ್ಕೆ ಒದಗದು; ಮೊಳೆಯುವಾಗ ಪಿಷ್ಟವು ಒಡೆದು ಅಂಟು ಕಡಮೆಯಾಗಿ ಎಳೆಯು ನಿಲ್ಲುವುದಿಲ್ಲ. ಮೂರು ಪಾಲು ರಾಗಿ ಹಿಟ್ಟಿಗೆ ಒಂದು ಪಾಲು ಅಕ್ಕಿ ಹಿಟ್ಟನ್ನು ಬೆರೆಸಿದರೆ ಎಳೆಯು ಗಟ್ಟಿಯಾಗಿ ಬರುವುದು.

ಮಾಡುವ ಕ್ರಮ.— ಒಂದು ಅಳತೆ ಹಿಟ್ಟಿಗೆ ಸುಮಾರು ಒಂದೂವರೆ ಅಳತೆ ನೀರನ್ನು ಉಪ್ಪು ಮತ್ತು ಒಂದು ಚಮಚ ಎಣ್ಣೆಯೊಡನೆ ಕುದಿಸಿ, ಹಿಟ್ಟನ್ನು ನಡುವೆ ಗೋಪುರದಂತೆ ಸುರಿದು, ಸಣ್ಣ ಉರಿಯಲ್ಲಿ ಕೆಲವು ನಿಮಿಷ ಹಾಗೆಯೇ ಬೇಯಲು ಬಿಡಬೇಕು. ಬಳಿಕ ಕೋಲಿನಿಂದ ಗಂಟಿಲ್ಲದಂತೆ ತಿರುವಿ, ಇಳಿಸಿ, ಕೈಯನ್ನು ನೀರಿನಲ್ಲಿ ಅದ್ದಿಕೊಳ್ಳುತ್ತ ಬಿಸಿಯಾಗಿರುವಾಗಲೇ ನಾದಬೇಕು. ಒರಳಿನ ಕುಳಿಗೆ ಹಿಡಿಯುವಷ್ಟು ಉಂಡೆಗಳನ್ನು ಮಾಡಿ ಹಬೆಯಲ್ಲಿ ಹದಿನೈದು ನಿಮಿಷ ಬೇಯಿಸಿ, ಒಂದೊಂದಾಗಿ ತೆಗೆದು, ಎಣ್ಣೆ ಸವರಿದ ಶ್ಯಾವಿಗೆ ಒರಳಿನಲ್ಲಿ ಒಡನೆಯೇ ಒತ್ತತಕ್ಕದ್ದು. ಎಳೆ ತುಂಡಾದರೆ ಹಿಟ್ಟು ಒಣಗಿದೆ ಅಥವಾ ಆರಿದೆ ಎಂದೂ, ಒಂದಕ್ಕೊಂದು ಅಂಟಿಕೊಂಡರೆ ನೀರು ಹೆಚ್ಚಾಗಿದೆ ಎಂದೂ ತಿಳಿಯಬೇಕು.

ಕಾಯಿಹಾಲು.— ಐದಾರು ಮಂದಿಗೆ ಚೆನ್ನಾಗಿ ಬಲಿತ ಎರಡು ತೆಂಗಿನಕಾಯಿಗಳೂ, ಸುಮಾರು 300 ಗ್ರಾಂ ಬೆಲ್ಲವೂ, ನೆನೆಸಿದ ಎರಡು ಚಮಚ ಗಸಗಸೆಯೂ, ಐದಾರು ಏಲಕ್ಕಿಯೂ ಸಾಕು. ತುರಿಯನ್ನು ಬೆಚ್ಚನೆಯ ನೀರಿನಲ್ಲಿ ರುಬ್ಬಿ, ಹಿಂಡಿ, ಮೊದಲನೆಯ ಗಟ್ಟಿ ಹಾಲನ್ನು ಬೇರೆಯಾಗಿಡಬೇಕು. ಎರಡನೆಯ ಸಲ ಹಿಂಡಿದ ತೆಳು ಹಾಲಿಗೆ ನುಣ್ಣಗೆ ಅರೆದ ಗಸಗಸೆಯನ್ನೂ, ಕರಗಿಸಿ ಸೋಸಿದ ಬೆಲ್ಲವನ್ನೂ ಸೇರಿಸಿ ಕುದಿಸಬೇಕು. ಒಲೆಯಿಂದ ಇಳಿಸಿದ ಮೇಲೆಯೇ ಗಟ್ಟಿ ಹಾಲನ್ನೂ ಏಲಕ್ಕಿ ಪುಡಿಯನ್ನೂ ಬೆರೆಸತಕ್ಕದ್ದು. ಗಟ್ಟಿ ಹಾಲನ್ನು ಕುದಿಸಿದರೆ ಅದು ಒಡೆಯುವುದು. ಬಿಸಿ ಶ್ಯಾವಿಗೆಯ ಮೇಲೆ ಮನೆಯ ತುಪ್ಪವನ್ನು ಹಾಕಿ, ಎಳೆಗಳು ಮುಳುಗುವಂತೆ ಕಾಯಿಹಾಲನ್ನು ಬಡಿಸಬೇಕು. ಸಿಹಿಯನ್ನು ಬಯಸದವರಿಗೆ ನಿಂಬೆಹಣ್ಣಿನ ರಸ ಮತ್ತು ಸಾಸಿವೆ, ಕಡಲೆಬೇಳೆ, ಹಸಿಮೆಣಸಿನಕಾಯಿಗಳ ಒಗ್ಗರಣೆಯು ಒಪ್ಪುವುದು.

ಬೆಲ್ಲದ ವಿಚಾರ.— ಕಾಯಿಹಾಲಿನ ರುಚಿಯು ಬೆಲ್ಲವನ್ನು ಅವಲಂಬಿಸಿದೆ. ಕಣ್ಣಿಗೆ ಹೊಳೆಯುವ ಹಳದಿ ಬಣ್ಣಕ್ಕಾಗಿ ಕೆಲವು ಆಲೆಮನೆಗಳಲ್ಲಿ ಹೈಡ್ರೋಸ್ ಎಂಬ ರಾಸಾಯನಿಕವನ್ನು ಹಾಕುವುದುಂಟು. ಬೆಂಡೆಯ ಗಿಡದ ಲೋಳೆಯಿಂದ ಕಲ್ಮಷ ತೆಗೆದ ಕಂದು ಬೆಲ್ಲವು ನೋಟಕ್ಕೆ ಸಾಧಾರಣವಾದರೂ ಮನೆಯ ಬಳಕೆಗೆ ಅದೇ ಯೋಗ್ಯ. ಕಬ್ಬು ಬೆಳೆಯುವ ಜಮೀನುದಾರರು ತಮ್ಮ ಮನೆಗೆ ಬೇಡವೆನ್ನುವ ಬೆಲ್ಲವನ್ನು ಪರರ ಮನೆಗೆ ಕಳುಹಿಸುವುದು ತರವೇ ಎಂಬುದನ್ನು ಯೋಚಿಸಬೇಕು.

ಶ್ರಮ ಮತ್ತು ಮಿತಿ.— ಈ ಉಪಾಹಾರವು ಕೈಬಿಟ್ಟುಹೋಗಲು ಮುಖ್ಯ ಕಾರಣವು ಅದರ ಶ್ರಮವೆಲ್ಲ ಮನೆಯ ಹೆಂಗಸರ ಮೇಲೆಯೇ ಬೀಳುವುದು. ಕಾಯಿ ತುರಿಯುವುದು, ಹಿಟ್ಟು ತಿರುವುವುದು, ಒರಳು ಒತ್ತುವುದು ಇವೆಲ್ಲವೂ ತೋಳಿನ ಬಲವನ್ನು ಬೇಡುವ ಕೆಲಸಗಳು. ಉಳುವ ತೋಳಿಗೆ ಒರಳಿನ ಹಿಡಿಯು ಭಾರವಾಗದು; ಗಂಡಸರೂ ಮಕ್ಕಳೂ ಕೈಹಚ್ಚಿದರೆ ಒಂದು ಗಂಟೆಯಲ್ಲಿ ಕೆಲಸ ಮುಗಿಯುವುದು. ಇದು ಭಾರವಾದ ಆಹಾರವೆಂಬುದನ್ನೂ ಮರೆಯಲಾಗದು. ಬೆಲ್ಲವು ಸಕ್ಕರೆಯಂತೆಯೇ ರಕ್ತದ ಸಕ್ಕರೆಯನ್ನು ಏರಿಸುವುದಾದುದರಿಂದ ಮಧುಮೇಹವುಳ್ಳವರು ಒಗ್ಗರಣೆಯ ಶ್ಯಾವಿಗೆಯನ್ನು ಮಿತವಾಗಿ ಸೇವಿಸುವುದು ಲೇಸು. ಉಳಿದವರಿಗೂ ವಾರಕ್ಕೊಂದು ದಿನವೇ ಸರಿ.

ಹಿಂದೆ ನಮ್ಮ ಹಿರಿಯರು ಹಗೇವುಗಳಲ್ಲಿ ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಕಾದಿಟ್ಟು ಬರಗಾಲವನ್ನು ದಾಟಿದರು. ಈ ಸಲ ಕಣದಲ್ಲಿ ರಾಗಿಯನ್ನು ತೂರಿದಾಗ ಜೊಳ್ಳನ್ನು ಮನೆಗಿಟ್ಟು ಗಟ್ಟಿಯನ್ನು ಪೇಟೆಗೆ ಕಳುಹಿಸದೆ, ಉತ್ತಮವಾದ ಒಂದು ಮೂಟೆಯನ್ನು ಮನೆಗೆಂದು ಮೊದಲೇ ತೆಗೆದಿರಿಸಬೇಕು. ಗ್ರಾಮದಲ್ಲಿ ಮುಖ್ಯರಾದವರ ಮನೆಯ ಊಟವನ್ನು ಇತರರು ಅನುಸರಿಸುವುದು ಸಹಜ. ಅವರ ಮನೆಗೆ ಬಂದ ನೆಂಟರಿಗೆ ಭಾನುವಾರ ಬೆಳಗ್ಗೆ ರಾಗಿಯ ಶ್ಯಾವಿಗೆಯನ್ನು ಮರ್ಯಾದೆಯಿಂದ ಬಡಿಸಿದರೆ, ರಾಗಿಯು ಕೀಳೆಂಬ ಮಾತು ಆ ಊರಿನಲ್ಲಿ ತಾನಾಗಿಯೇ ಅಡಗುವುದು.