ಅಗ್ಗದ ಅಂಗಡಿ, ಅಂಗಡಿಯ ಆಳು

ಅಂಗಡಿಗೆ ಹೋದವನು ಸರಕಿನ ಬೆಲೆಯನ್ನು ಕೇಳುತ್ತಾನೆ. ಸರಕನ್ನು ತೆಗೆದುಕೊಟ್ಟವನ ಸಂಬಳವನ್ನು ಕೇಳುವುದಿಲ್ಲ. ಕೇಳುವ ಅಧಿಕಾರವಾಗಲಿ ಅಗತ್ಯವಾಗಲಿ ತನಗಿಲ್ಲವೆಂದು ಅವನು ಭಾವಿಸುತ್ತಾನೆ. ಆದರೆ ಒಂದು ದೇಶದ ಚಿಲ್ಲರೆ ವ್ಯಾಪಾರದ ಬಹುಭಾಗವು ಕೆಲವೇ ಕಂಪನಿಗಳ ಕೈಗೆ ಸೇರಿ, ಲಕ್ಷಗಟ್ಟಲೆ ಕುಟುಂಬಗಳ ಅನ್ನವು ಆ ಕಂಪನಿಗಳ ಸಂಬಳದ ಪಟ್ಟಿಯನ್ನೇ ಅವಲಂಬಿಸಿ ನಿಂತಾಗ, ಅದು ಧಣಿ ಆಳುಗಳ ನಡುವಣ ಖಾಸಗಿ ಮಾತಾಗಿ ಉಳಿಯಲಾರದು. ಸರಕು ಅಗ್ಗವಾಗಬೇಕಾದರೆ ಸಂಬಳವೂ ಅಗ್ಗವಾಗಲೇಬೇಕು ಎಂಬ ವಾದವನ್ನು ವ್ಯಾಪಾರಸ್ಥರು ಬಹುಕಾಲದಿಂದ ಹೇಳುತ್ತ ಬಂದಿರುವರು. ಇದು ಪ್ರಕೃತಿನಿಯಮವೋ, ಇಲ್ಲವೆ ಧಣಿಗಳಿಗೆ ಅನುಕೂಲವಾದ ನಂಬುಗೆಯೋ ಎಂಬುದನ್ನು ಪರೀಕ್ಷಿಸುವುದಕ್ಕೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅನುಭವಕ್ಕಿಂತ ಒಳ್ಳೆಯ ಒರೆಗಲ್ಲು ಬೇರೆ ದೊರೆಯಲಾರದು.

ಒಂದೇ ಗುರುವಿನ ಇಬ್ಬರು ಶಿಷ್ಯರು

ವಾಲ್‌ಮಾರ್ಟ್ ಎಂಬ ಕಂಪನಿಯ ಮೊದಲನೆಯ ಅಂಗಡಿಯನ್ನು ಸ್ಯಾಮ್ ವಾಲ್ಟನ್ ಎಂಬವರು ೧೯೬೨ರಲ್ಲಿ ಅರ್ಕನ್ಸಾ ಸಂಸ್ಥಾನದ ರೋಜರ್ಸ್ ಎಂಬ ಸಣ್ಣ ಊರಿನಲ್ಲಿ ತೆರೆದರು. ಇಂದು ಜಗತ್ತಿನಲ್ಲೆಲ್ಲ ಅದರ ನೌಕರರ ಸಂಖ್ಯೆ ಸುಮಾರು ೨೧ ಲಕ್ಷ. ಅವರಲ್ಲಿ ಸುಮಾರು ೧೬ ಲಕ್ಷ ಜನರು ಅಮೆರಿಕದಲ್ಲಿಯೇ ಇರುವರು. ಆ ದೇಶದಲ್ಲಿ ಅದಕ್ಕಿಂತ ಹೆಚ್ಚು ಜನರಿಗೆ ಕೆಲಸ ಕೊಟ್ಟಿರುವ ಖಾಸಗಿ ಧಣಿ ಮತ್ತೊಬ್ಬನಿಲ್ಲ. ಅದರ ಪ್ರತಿಸ್ಪರ್ಧಿಯಾದ ಕಾಸ್ಟ್‌ಕೋ ಕಂಪನಿಯು ೧೯೮೩ರಲ್ಲಿ ಸಿಯಾಟಲ್ ನಗರದಲ್ಲಿ ಜಿಮ್ ಸಿನೆಗಲ್ ಮತ್ತು ಜೆಫ್ರಿ ಬ್ರಾಟ್‌ಮನ್ ಎಂಬವರಿಂದ ಆರಂಭವಾಯಿತು. ಅದೇ ವರ್ಷದಲ್ಲಿ ವಾಲ್‌ಮಾರ್ಟ್ ಕಂಪನಿಯು ‘ಸ್ಯಾಮ್ಸ್ ಕ್ಲಬ್’ ಎಂಬ ತನ್ನ ಸಗಟು ಮಳಿಗೆಗಳನ್ನು ತೆರೆಯಿತು. ವರ್ಷಕ್ಕಿಷ್ಟೆಂದು ವರ್ಗಣಿ ಕೊಟ್ಟು ಸದಸ್ಯರಾದವರಿಗೆ ಮಾತ್ರ ಉಗ್ರಾಣದಂಥ ಕಟ್ಟಡದಲ್ಲಿ ದೊಡ್ಡ ಗಂಟುಗಳಲ್ಲಿ ಸರಕನ್ನು ಮಾರುವ ಈ ಪದ್ಧತಿಯು ಎರಡಕ್ಕೂ ಸಮಾನ. ಈ ಪದ್ಧತಿಯ ಮೂಲಪುರುಷರು ೧೯೭೬ರಲ್ಲಿ ಸ್ಯಾನ್ ಡಿಯಾಗೊದಲ್ಲಿ ‘ಪ್ರೈಸ್ ಕ್ಲಬ್’ ತೆರೆದ ಸೋಲ್ ಪ್ರೈಸ್. ಸಿನೆಗಲ್ಲರು ಎಳೆಯ ವಯಸ್ಸಿನಲ್ಲಿ ಅವರ ಕೈಕೆಳಗೆ ದುಡಿದು ಕಲಿತವರು. ವಾಲ್ಟನ್ನರಾದರೋ, ತಾವು ಅವರಿಂದ ಧಾರಾಳವಾಗಿ ವಿಚಾರಗಳನ್ನು ಎರವಲು ಪಡೆದುದಾಗಿ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡವರು. ಗುರು ಒಬ್ಬರೇ, ವ್ಯಾಪಾರವೂ ಒಂದೇ. ಆದರೆ ಆಳಿನ ಕೂಲಿಯ ವಿಷಯದಲ್ಲಿ ಇಬ್ಬರೂ ಹಿಡಿದ ದಾರಿಗಳು ಬೇರೆ ಬೇರೆ.

ಅಂಕಿಗಳು ಹೇಳುವುದೇನು?

ಅಮೆರಿಕದ ಕೇಂದ್ರ ಸರಕಾರವು ಗೊತ್ತುಪಡಿಸಿದ ಕನಿಷ್ಠ ಕೂಲಿಯು ೨೦೦೯ರ ಜುಲೈ ತಿಂಗಳಿನಿಂದ ತಾಸಿಗೆ ೭.೨೫ ಡಾಲರಿನಲ್ಲಿಯೇ ನಿಂತಿದೆ. ಹದಿನೈದು ವರ್ಷಗಳು ಕಳೆದು ಹೋದರೂ ಅದು ಮೇಲಕ್ಕೇರಲಿಲ್ಲ. ಆದುದರಿಂದ ಅಂಗಡಿಯ ಕೂಲಿಯು ನಿಜವಾಗಿ ಗೊತ್ತಾಗುವುದು ಶಾಸನಸಭೆಯಲ್ಲಲ್ಲ, ದೊಡ್ಡ ಕಂಪನಿಗಳ ಕಚೇರಿಗಳಲ್ಲಿ.

ವಾಲ್‌ಮಾರ್ಟ್ ಕಂಪನಿಯು ತನ್ನ ಆರಂಭದ ಕೂಲಿಯನ್ನು ೨೦೧೫ರಲ್ಲಿ ೯ ಡಾಲರಿಗೂ, ೨೦೧೬ರಲ್ಲಿ ೧೦ ಡಾಲರಿಗೂ, ೨೦೧೮ರಲ್ಲಿ ೧೧ ಡಾಲರಿಗೂ ಏರಿಸಿತು. ಅದರ ಇನ್ನೊಬ್ಬ ಪ್ರತಿಸ್ಪರ್ಧಿಯಾದ ಟಾರ್ಗೆಟ್ ಕಂಪನಿಯು, ೨೦೨೦ರೊಳಗೆ ೧೫ ಡಾಲರು ಕೊಡುವೆವೆಂದು ೨೦೧೭ರಲ್ಲಿ ಸಾರಿ, ೨೦೨೦ರ ಜುಲೈಯಲ್ಲಿ ಮಾತನ್ನು ನಡೆಸಿತು. ಕಾಸ್ಟ್‌ಕೋ ೨೦೧೯ರಲ್ಲಿಯೇ ೧೫ ಡಾಲರನ್ನು ಮುಟ್ಟಿತ್ತು. ಹೀಗೆ ೨೦೨೦ರ ನಡುವಿನಲ್ಲಿ ಒಂದೇ ಊರಿನ ಒಂದೇ ರಸ್ತೆಯಲ್ಲಿ, ಒಂದೇ ಬಗೆಯ ಪೆಟ್ಟಿಗೆಯನ್ನು ಹೊತ್ತಿಡುವ ಆಳಿಗೆ ಒಂದು ಅಂಗಡಿಯಲ್ಲಿ ೧೧ ಡಾಲರು, ಮಗ್ಗುಲಿನ ಅಂಗಡಿಯಲ್ಲಿ ೧೫ ಡಾಲರು ಎಂಬ ಸ್ಥಿತಿ ಸಾಧ್ಯವಾಗಿದ್ದಿತು. ಮುಂದೆ ೨೦೨೧ರಲ್ಲಿ ಕಾಸ್ಟ್‌ಕೋ ೧೬ಕ್ಕೂ, ಅದೇ ವರ್ಷ ೧೭ಕ್ಕೂ ಏರಿ, ೨೦೨೫ರಲ್ಲಿ ೨೦ ಡಾಲರನ್ನು ತಲುಪಿತು. ಅಲ್ಲಿ ಬಹುಕಾಲ ದುಡಿದ ನೌಕರರ ಮೇಲ್ದರವು ೩೦ ಡಾಲರನ್ನು ದಾಟಿತು. ವಾಲ್‌ಮಾರ್ಟ್ ಅಂಗಡಿಗಳ ಆರಂಭದ ಕೂಲಿಯಾದರೋ ೨೦೨೩ರಲ್ಲಿ ೧೪ ಡಾಲರಿಗೆ ಬಂದಿತು.

ಹೆಚ್ಚು ಕೊಟ್ಟವನು ಕೆಟ್ಟನೇ? ಇಲ್ಲ. ಕೊಲರಾಡೊ ವಿಶ್ವವಿದ್ಯಾಲಯದ ಪ್ರೊಫೆಸರ್ ವೇಯ್ನ್ ಕ್ಯಾಸಿಯೊ ಎಂಬವರು ೨೦೦೬ರಲ್ಲಿ ಕಾಸ್ಟ್‌ಕೋವನ್ನು ಸ್ಯಾಮ್ಸ್ ಕ್ಲಬ್ಬಿನೊಡನೆ ಹೋಲಿಸಿ ಒಂದು ಲೇಖನವನ್ನು ಪ್ರಕಟಿಸಿದರು. ಆಗ ಕಾಸ್ಟ್‌ಕೋದ ಸರಾಸರಿ ಕೂಲಿ ತಾಸಿಗೆ ೧೭ ಡಾಲರು. ವಾಲ್‌ಮಾರ್ಟಿನ ಪೂರ್ಣಾವಧಿ ನೌಕರನಿಗೆ ಸರಾಸರಿ ೧೦.೧೧ ಡಾಲರು. ಆದರೆ ಸ್ಯಾಮ್ಸ್ ಕ್ಲಬ್ಬಿನಲ್ಲಿ ವರ್ಷಕ್ಕೆ ನೂರಕ್ಕೆ ೪೪ ಮಂದಿ ಕೆಲಸ ಬಿಟ್ಟು ಹೋಗುತ್ತಿದ್ದರು. ಕಾಸ್ಟ್‌ಕೋದಲ್ಲಿ ನೂರಕ್ಕೆ ೧೭ ಮಂದಿ. ಒಂದು ವರ್ಷವನ್ನು ಪೂರೈಸಿದವರಲ್ಲಂತೂ ಹೀಗೆ ಬಿಟ್ಟು ಹೋಗುವವರು ನೂರಕ್ಕೆ ೬ ಮಂದಿ ಮಾತ್ರ. ತಾಸಿನ ಕೂಲಿಯ ಒಬ್ಬೊಬ್ಬ ನೌಕರನ ಲೆಕ್ಕಕ್ಕೆ ಕಾಸ್ಟ್‌ಕೋ ಗಳಿಸಿದ ವ್ಯಾಪಾರದ ಲಾಭ ೨೧,೮೦೫ ಡಾಲರು; ಸ್ಯಾಮ್ಸ್ ಕ್ಲಬ್ ಗಳಿಸಿದುದು ೧೧,೬೧೫ ಡಾಲರು. ಹೊಸ ಆಳನ್ನು ಹುಡುಕುವುದು, ಅವನಿಗೆ ಕೆಲಸ ಕಲಿಸುವುದು, ಕಲಿಯುವ ತನಕ ಅವನು ಮಾಡುವ ನಷ್ಟವನ್ನು ನುಂಗುವುದು, ಕಲಿತೊಡನೆ ಅವನು ಹೊರಟುಹೋಗುವುದನ್ನು ನೋಡುವುದು: ಇವೆಲ್ಲಕ್ಕೂ ಹಣವು ವೆಚ್ಚವಾಗುತ್ತದೆ. ಕಡಿಮೆ ಕೂಲಿಯ ಅಂಗಡಿಯು ಆ ವೆಚ್ಚವನ್ನು ಸಂಬಳದ ಲೆಕ್ಕದಲ್ಲಿ ಬರೆಯುವುದಿಲ್ಲ, ಅಷ್ಟೇ ಭೇದ.

ನ್ಯಾಯವಾದ ಆಕ್ಷೇಪ

ಈ ಹೋಲಿಕೆಯನ್ನು ಅತಿಗೆ ಒಯ್ಯುವುದು ನ್ಯಾಯವಲ್ಲ. ಕಾಸ್ಟ್‌ಕೋ ಮಳಿಗೆಯಲ್ಲಿ ಇರುವ ಸರಕಿನ ಬಗೆಗಳು ಸುಮಾರು ೪,೦೦೦. ವಾಲ್‌ಮಾರ್ಟಿನ ದೊಡ್ಡ ಅಂಗಡಿಯಲ್ಲಿ ಲಕ್ಷಕ್ಕೂ ಮಿಕ್ಕಿ. ಬಂದ ಹಲಗೆಯ ಮೇಲೆಯೇ ಸರಕನ್ನು ಗಿರಾಕಿಯ ಮುಂದಿಡುವಲ್ಲಿ ಕೈಗಳು ಕಡಿಮೆ ಸಾಕು. ಒಂದೊಂದು ಡಬ್ಬಿಯನ್ನೂ ಕಪಾಟಿನಲ್ಲಿ ಜೋಡಿಸುವಲ್ಲಿ ಕೈಗಳು ಹೆಚ್ಚು ಬೇಕು. ಕಾಸ್ಟ್‌ಕೋ ತನ್ನ ಸರಕಿನ ಮೇಲೆ ಹಾಕುವ ಲಾಭವನ್ನು ನೂರಕ್ಕೆ ೧೪–೧೫ರಷ್ಟಕ್ಕೆ ತಾನೇ ಮಿತಿಗೊಳಿಸಿಕೊಂಡಿದ್ದು, ಸದಸ್ಯರ ವರ್ಗಣಿಯನ್ನು ಬಲವಾಗಿ ಆಶ್ರಯಿಸಿದೆ. ೨೦೨೪ನೆಯ ಆರ್ಥಿಕ ವರ್ಷದಲ್ಲಿ ಅದರ ನಿವ್ವಳ ಲಾಭವು ಸುಮಾರು ೭೩೭ ಕೋಟಿ ಡಾಲರಾಗಿದ್ದರೆ, ವರ್ಗಣಿಯ ಉತ್ಪನ್ನವೇ ಸುಮಾರು ೪೮೦ ಕೋಟಿ ಡಾಲರಾಗಿದ್ದಿತು. ಇಂಥ ವರ್ಗಣಿಯನ್ನು ಮುಂಗಡವಾಗಿ ಕೊಟ್ಟು, ದೊಡ್ಡ ಗಂಟುಗಳಲ್ಲಿ ಸಾಮಾನು ಕೊಳ್ಳುವವರು ಸಾಮಾನ್ಯವಾಗಿ ಕೈಯಲ್ಲಿ ನಾಲ್ಕು ಕಾಸುಳ್ಳವರೇ. ಹಳ್ಳಿಗಾಡಿನ ಬಡ ಗಿರಾಕಿಗೆ ಮಾರುವ ಅಂಗಡಿಯು ಈ ಪದ್ಧತಿಯನ್ನು ಅಕ್ಷರಶಃ ಅನುಕರಿಸಲಾರದೆಂಬುದು ನಿಜ.

ಆದರೆ ಸ್ಯಾಮ್ಸ್ ಕ್ಲಬ್ಬಿಗೆ ಈ ಸಮಾಧಾನವು ಸಲ್ಲದು. ಅದರ ಪದ್ಧತಿಯೂ ಇದೇ. ಟಾರ್ಗೆಟ್ ಕಂಪನಿಗೆ ವರ್ಗಣಿಯ ಆಧಾರವಿರದಿದ್ದರೂ ಅದು ೧೫ ಡಾಲರು ಕೊಟ್ಟಿತು. ವಾಲ್‌ಮಾರ್ಟ್ ಕೂಡ ೯ರಿಂದ ೧೪ಕ್ಕೆ ಏರಿಯೂ ದಿವಾಳಿ ಎತ್ತಲಿಲ್ಲ. ಆದುದರಿಂದ ಕೂಲಿಯ ದರವು ವ್ಯಾಪಾರದ ಬಗೆಯಿಂದ ಸ್ವಲ್ಪಮಟ್ಟಿಗೆ ಗೊತ್ತಾಗುವುದಾದರೂ, ಉಳಿದುದು ಧಣಿಯ ಸಂಕಲ್ಪದಿಂದಲೂ ಆಳಿನ ಬಲದಿಂದಲೂ ಗೊತ್ತಾಗುತ್ತದೆಂದು ಹೇಳಲು ಅಡ್ಡಿಯಿಲ್ಲ.

ಉಳಿದ ಹಣವನ್ನು ಕೊಡುವವರಾರು?

ಆಳಿನ ಹೊಟ್ಟೆಗೆ ಸಾಲದ ಕೂಲಿಯನ್ನು ಯಾರಾದರೂ ತುಂಬಿಕೊಡಲೇಬೇಕಷ್ಟೆ. ಅಮೆರಿಕದ ಶಾಸನಸಭೆಗೆ ಸೇರಿದ ಲೆಕ್ಕಪರಿಶೋಧನ ಕಚೇರಿಯು ೨೦೨೦ರ ನವೆಂಬರಿನಲ್ಲಿ ಪ್ರಕಟಿಸಿದ ವರದಿಯು ಇದರ ಮೇಲೆ ಬೆಳಕು ಚೆಲ್ಲುತ್ತದೆ. ಬಡವರಿಗೆ ಸರಕಾರವು ಕೊಡುವ ಆಹಾರ ಸಹಾಯವನ್ನೂ ‘ಮೆಡಿಕೇಡ್’ ಎಂಬ ವೈದ್ಯ ಸಹಾಯವನ್ನೂ ಪಡೆಯುತ್ತಿದ್ದ ವಯಸ್ಕ ದುಡಿಮೆಗಾರರಲ್ಲಿ ನೂರಕ್ಕೆ ಸುಮಾರು ೭೦ ಮಂದಿ ವಾರಕ್ಕೆ ೩೫ ತಾಸು ಇಲ್ಲವೆ ಅದಕ್ಕೂ ಹೆಚ್ಚು ಕೆಲಸ ಮಾಡುವವರೇ ಆಗಿದ್ದರು. ಪರೀಕ್ಷಿಸಿದ ಸಂಸ್ಥಾನಗಳಲ್ಲಿ ಇಂಥ ನೌಕರರನ್ನು ಹೆಚ್ಚಾಗಿ ಹೊಂದಿದ್ದ ಧಣಿಗಳ ಸಾಲಿನಲ್ಲಿ ವಾಲ್‌ಮಾರ್ಟ್ ಮುಂದೆಯೇ ಇದ್ದಿತು. ಮೈಗಳ್ಳರಿಗೆ ಸರಕಾರವು ಅನ್ನ ಹಾಕುತ್ತದೆಂಬ ಆಕ್ಷೇಪಕ್ಕೆ ಈ ಅಂಕಿಗಳೇ ಉತ್ತರ. ಅಂಗಡಿಯ ಬೆಲೆಯಲ್ಲಿ ಉಳಿಸಿದ ಹಣದ ಒಂದು ಪಾಲನ್ನು ಅದೇ ಗಿರಾಕಿಯು ತೆರಿಗೆಯ ರೂಪದಲ್ಲಿ ಮರಳಿ ಕೊಡುತ್ತಾನೆ. ೨೦೨೩ನೆಯ ಆರ್ಥಿಕ ವರ್ಷದಲ್ಲಿ ವಾಲ್‌ಮಾರ್ಟಿನ ಮುಖ್ಯಾಧಿಕಾರಿಗೆ ಸಂದ ಒಟ್ಟು ಸಂಭಾವನೆಯು ಅದೇ ಕಂಪನಿಯ ನಡುಮಟ್ಟದ ನೌಕರನ ಆದಾಯದ ೯೩೩ ಪಟ್ಟು ಎಂಬುದನ್ನು ಇದರೊಡನೆ ಇಟ್ಟು ನೋಡಬೇಕು.

ಏಣಿಯನ್ನು ಹತ್ತುವವರು

ಕೂಲಿಯ ದರವೊಂದೇ ನ್ಯಾಯದ ಅಳತೆಯಲ್ಲ. ಯಾರು ಕೆಳಗಿನ ಮೆಟ್ಟಲಲ್ಲಿ ನಿಂತಿದ್ದಾರೆ, ಯಾರು ಮೇಲಕ್ಕೆ ಹೋಗುತ್ತಾರೆ ಎಂಬುದನ್ನೂ ನೋಡಬೇಕು. ವಾಲ್‌ಮಾರ್ಟಿನಲ್ಲಿ ಏಣಿ ಇಲ್ಲವೆಂದಲ್ಲ. ೨೦೨೪ರಲ್ಲಿ ಅದು ತನ್ನ ಅಂಗಡಿಗಳ ಮ್ಯಾನೇಜರರ ಸರಾಸರಿ ವಾರ್ಷಿಕ ಸಂಬಳವನ್ನು ೧,೨೮,೦೦೦ ಡಾಲರಿಗೆ ಏರಿಸಿತು. ಮ್ಯಾನೇಜರರಲ್ಲಿ ಮುಕ್ಕಾಲು ಪಾಲು ಜನರು ತಾಸಿನ ಕೂಲಿಯಿಂದಲೇ ಮೇಲೆ ಬಂದವರೆಂದು ಕಂಪನಿಯು ಹೇಳುತ್ತದೆ. ಆದರೆ ಆ ಏಣಿಯನ್ನು ಹತ್ತಲು ಸ್ತ್ರೀಯರಿಗೆ ಸಮಾನ ಅವಕಾಶವಿತ್ತೇ? ಇದನ್ನು ಕೇಳಿ ಬೆಟ್ಟಿ ಡ್ಯೂಕ್ಸ್ ಮುಂತಾದ ನೌಕರ ಸ್ತ್ರೀಯರು ೨೦೦೧ರಲ್ಲಿ ಫಿರ್ಯಾದು ಹೂಡಿದರು. ತಾಸಿನ ಕೂಲಿಯ ಕೆಲಸಗಳಲ್ಲಿ ನೂರಕ್ಕೆ ೭೦ ಸ್ತ್ರೀಯರಿದ್ದರೆ, ಮೇಲ್ವಿಚಾರಣೆಯ ಹುದ್ದೆಗಳಲ್ಲಿ ನೂರಕ್ಕೆ ೩೩ ಮಾತ್ರ ಇದ್ದರೆಂಬುದು ಆ ವ್ಯಾಜ್ಯದ ಮುಖ್ಯ ಅಂಕಿಯಾಗಿದ್ದಿತು. ಸುಮಾರು ೧೫ ಲಕ್ಷ ಸ್ತ್ರೀಯರ ಪರವಾಗಿ ಒಂದೇ ವ್ಯಾಜ್ಯವನ್ನು ನಡೆಸಲಾಗದೆಂದು ಸುಪ್ರೀಂ ಕೋರ್ಟು ೨೦೧೧ರ ಜೂನ್ ೨೦ರಂದು ತೀರ್ಪಿತ್ತಿತು. ಪಕ್ಷಪಾತವು ನಡೆಯಿತೋ ಇಲ್ಲವೋ ಎಂಬ ಮೂಲ ಪ್ರಶ್ನೆಯನ್ನು ಆ ತೀರ್ಪು ಇತ್ಯರ್ಥಗೊಳಿಸಲಿಲ್ಲ.

ಹೆಚ್ಚು ಕೂಲಿ ಕೊಡುವ ಧಣಿಯು ಈ ದೋಷದಿಂದ ಮುಕ್ತನೆಂದು ತಿಳಿಯುವುದೂ ತಪ್ಪು. ಮೇಲಿನ ಹುದ್ದೆಗಳ ಬಡ್ತಿಯಲ್ಲಿ ಸ್ತ್ರೀಯರಿಗೆ ಅನ್ಯಾಯವಾಯಿತೆಂದು ಕಾಸ್ಟ್‌ಕೋದ ಮೇಲೆಯೂ ೨೦೦೪ರಲ್ಲಿ ವ್ಯಾಜ್ಯ ಹೂಡಲ್ಪಟ್ಟಿತು. ಅದು ಹತ್ತು ವರ್ಷಗಳ ಸುಮಾರಿಗೆ ೮೦ ಲಕ್ಷ ಡಾಲರಿನ ರಾಜಿಯಲ್ಲಿ ಮುಗಿಯಿತು. ಒಳ್ಳೆಯ ಕೂಲಿಯು ಧಣಿಯ ಔದಾರ್ಯದಿಂದ ಬರಬಹುದು. ಸಮಾನತೆಯು ಅದರ ಹಿಂದೆ ತಾನಾಗಿ ನಡೆದುಬರುವುದಿಲ್ಲ.

ಸಂಘಟನೆಯ ವಿಷಯವೂ ಇಂಥದೇ. ಪ್ರೈಸ್ ಕ್ಲಬ್ಬಿನ ಕಾಲದಿಂದ ಬಂದ ಪರಂಪರೆಯಿಂದಾಗಿ ಕಾಸ್ಟ್‌ಕೋದ ಸುಮಾರು ೧೮,೦೦೦ ನೌಕರರು ಟೀಮ್‌ಸ್ಟರ್ಸ್ ಸಂಘಕ್ಕೆ ಸೇರಿರುವರು. ೨೦೨೫ರ ಆರಂಭದಲ್ಲಿ ಅವರು ಮುಷ್ಕರಕ್ಕೆ ಸಮ್ಮತಿಯ ಮತ ಕೊಟ್ಟರು. ಮುಷ್ಕರವು ಆರಂಭವಾಗುವ ಮೊದಲೇ ಒಪ್ಪಂದವಾಯಿತು. ಸಂಘವನ್ನು ಸೇರದ ಮಳಿಗೆಗಳ ನೌಕರರ ಕೂಲಿಯೂ ಅದೇ ದಿನಗಳಲ್ಲಿ ಏರಿತು. ಅತ್ತ ಕೆನಡಾದ ಜಾಂಕಿಯೇರ್ ಎಂಬ ಊರಿನಲ್ಲಿ ನೌಕರರು ಸಂಘ ಕಟ್ಟಿದ ಮೇಲೆ ೨೦೦೫ರಲ್ಲಿ ವಾಲ್‌ಮಾರ್ಟ್ ಆ ಅಂಗಡಿಯನ್ನೇ ಮುಚ್ಚಿತು. ಕೆನಡಾದ ಸುಪ್ರೀಂ ಕೋರ್ಟು ೨೦೧೪ರಲ್ಲಿ ನೌಕರರ ಪರವಾಗಿ ತೀರ್ಪು ಕೊಟ್ಟಿತು. ಒಂಬತ್ತು ವರ್ಷಗಳ ಮೇಲೆ ದೊರೆತ ನ್ಯಾಯದಿಂದ ಮುಚ್ಚಿದ ಅಂಗಡಿಯ ಬಾಗಿಲು ಮರಳಿ ತೆರೆಯಲಿಲ್ಲ.

ನಮಗೇನು ಸಂಬಂಧ?

ದೂರದ ದೇಶದ ಈ ವ್ಯವಹಾರದಿಂದ ನಮಗೇನೆಂದು ಕೇಳುವವರಿರಬಹುದು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಫ್ಲಿಪ್‌ಕಾರ್ಟ್ ಕಂಪನಿಯ ನೂರಕ್ಕೆ ೭೭ರಷ್ಟು ಪಾಲನ್ನು ವಾಲ್‌ಮಾರ್ಟ್ ೨೦೧೮ರಲ್ಲಿ ಸುಮಾರು ೧,೬೦೦ ಕೋಟಿ ಡಾಲರಿಗೆ ಕೊಂಡುಕೊಂಡಿತು. ಆದುದರಿಂದ ಅರ್ಕನ್ಸಾದ ಧಣಿಯು ಈಗ ಕರ್ನಾಟಕದ ಧಣಿಯೂ ಹೌದು. ನಮ್ಮ ಸ್ವಂತ ವ್ಯಾಪಾರಸ್ಥರ ವಿಷಯದಲ್ಲಿ ಹೆಮ್ಮೆಪಡುವ ಕಾರಣವೂ ಹೆಚ್ಚಾಗಿಲ್ಲ. ಜವಳಿ ಅಂಗಡಿಗಳಲ್ಲಿ ದಿನವೆಲ್ಲ ನಿಂತೇ ದುಡಿಯುವ ಸ್ತ್ರೀಯರಿಗೆ ಕುಳಿತುಕೊಳ್ಳುವ ಹಕ್ಕನ್ನು ಕೊಡಿಸಲು ಕೇರಳವು ೨೦೧೮ರಲ್ಲಿ, ತಮಿಳುನಾಡು ೨೦೨೧ರಲ್ಲಿ ಕಾಯಿದೆಯನ್ನೇ ತಿದ್ದಬೇಕಾಯಿತು. ಕುರ್ಚಿಯೊಂದಕ್ಕಾಗಿ ಶಾಸನ ಬೇಕಾಗುವಲ್ಲಿ ಔದಾರ್ಯವನ್ನು ನಂಬಿ ಕೂಡುವುದು ಹೇಗೆ?

ನಮ್ಮಲ್ಲಿ ಸಾಧನಗಳು ಇಲ್ಲದೆ ಇಲ್ಲ. ೨೦೧೯ರ ವೇತನ ಸಂಹಿತೆಯು ಸ್ತ್ರೀಪುರುಷರೆಂಬ ಭೇದದಿಂದ ಕೂಲಿಯಲ್ಲಿ ಪಕ್ಷಪಾತ ಮಾಡಕೂಡದೆಂದು ವಿಧಿಸುತ್ತದೆ. ೨೦೨೫ರ ನವೆಂಬರ್ ೨೧ರಿಂದ ಅದು ಜಾರಿಗೆ ಬಂದಿದೆ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ತಮ್ಮಲ್ಲಿ ಖಾಯಂ ನೌಕರರೆಷ್ಟು, ಖಾಯಂ ಅಲ್ಲದವರೆಷ್ಟು, ಸ್ತ್ರೀಯರೆಷ್ಟು, ಸ್ತ್ರೀಪುರುಷರ ನಡುಮಟ್ಟದ ಸಂಬಳಗಳೇನು, ವರ್ಷದಲ್ಲಿ ಬಿಟ್ಟು ಹೋದವರೆಷ್ಟು ಎಂಬುದನ್ನು ೨೦೨೨–೨೩ರಿಂದ ಸೆಬಿಯ ನಿಯಮದಂತೆ ಪ್ರತಿವರ್ಷವೂ ಪ್ರಕಟಿಸಬೇಕಾಗಿದೆ. ಷೇರು ಕೊಳ್ಳುವವನ ಹಿತಕ್ಕಾಗಿ ಮಾಡಿದ ಈ ನಿಯಮವು ಸಾಮಾನು ಕೊಳ್ಳುವವನ ಕೈಗೂ ದೀಪವನ್ನು ಕೊಟ್ಟಿದೆ. ಕಾರ್ಮಿಕ ಇಲಾಖೆಯ ಅಧಿಕಾರಿಗಳು ಈ ಪಟ್ಟಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದಬೇಕು. ಪ್ರತಿಸ್ಪರ್ಧಿಗಳು ಕೊಡಬಲ್ಲ ಕೂಲಿಯನ್ನು ತಾನು ಕೊಡಲಾರೆನೆಂಬ ಧಣಿಯಿಂದ ಕಾರಣವನ್ನು ಕೇಳಬೇಕು. ಸಂಸ್ಥಾನದ ಕನಿಷ್ಠ ಕೂಲಿಯನ್ನು ಗೊತ್ತುಮಾಡುವವರು ಈ ಹೋಲಿಕೆಯನ್ನು ಕಣ್ಣೆದುರಿನಲ್ಲಿ ಇಟ್ಟುಕೊಳ್ಳಬೇಕು.

ಪೇಟೆಯ ನಾಗರಿಕನ ಕರ್ತವ್ಯವೂ ಅಲ್ಪವಲ್ಲ. ಅವನು ಅಗ್ಗವನ್ನು ಬಯಸುವುದು ಸಹಜ. ಅವನ ಕೈಯೂ ಹೆಚ್ಚಾಗಿ ಬಿಗಿಯೇ. ಆದರೆ ಅಗ್ಗಕ್ಕೆ ಎರಡು ಮೂಲಗಳಿವೆ: ಒಂದು ವ್ಯವಸ್ಥೆಯ ಜಾಣತನ, ಇನ್ನೊಂದು ಆಳಿನ ಹಸಿವು. ಮೊದಲನೆಯದರಿಂದ ಬಂದ ಅಗ್ಗವು ಎಲ್ಲರಿಗೂ ಲಾಭ. ಎರಡನೆಯದರಿಂದ ಬಂದುದು ಸಾಲವಿದ್ದಂತೆ. ತೆರಿಗೆಯಲ್ಲಿಯೋ, ಆಸ್ಪತ್ರೆಯ ವೆಚ್ಚದಲ್ಲಿಯೋ, ನಮ್ಮ ಮಕ್ಕಳೇ ಅದೇ ಕಟ್ಟೆಯ ಹಿಂದೆ ನಿಂತು ದುಡಿಯಬೇಕಾದ ದಿನದಲ್ಲಿಯೋ ಅದನ್ನು ನಾವೇ ತೀರಿಸಬೇಕಾಗುತ್ತದೆ.